‘ಬರ್ತಾನಂತೆ’ ಮತ್ತು ‘ಬರ್ತೀನಿ’

ಟೆಲಿಫೋನಿಗೆ ಪೇಟೆಂಟು ಪಡೆದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ತಾಯಿಗೆ ಕಿವಿ ಕೇಳುತ್ತಿದ್ದದ್ದು ಅಷ್ಟಕ್ಕಷ್ಟೆ. ಆತ ಕೈಹಿಡಿದ ಮೇಬಲ್‌ಗೆ ಐದನೇ ವಯಸ್ಸಿನಲ್ಲಿ ಬಂದ ಜ್ವರದಿಂದ ಎರಡೂ ಕಿವಿ ಪೂರ್ತಿ ಹೋಗಿದ್ದವು. ಬೆಲ್‌ನ ಕಸುಬು ಬೋಸ್ಟನ್ನಿನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುವುದು. ಅಂದರೆ ನಮ್ಮ ಹಾಗೆ ಅವನೂ ಒಬ್ಬ ಮೇಷ್ಟ್ರು. 1876ರ ಮಾರ್ಚಿಯಲ್ಲಿ ಪೇಟೆಂಟು ಸಿಕ್ಕಿತು, ಮರುವರ್ಷ ಮದುವೆಯಾಯಿತು. ಕಂಪನಿಯ ತನ್ನ ಪಾಲಿನ ಷೇರುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಮಿಕ್ಕದ್ದೆಲ್ಲವನ್ನೂ ಆತ ಹೆಂಡತಿಗೆ ಉಡುಗೊರೆಯಾಗಿ ಕೊಟ್ಟುಬಿಟ್ಟ. ಹೀಗೆ ಟೆಲಿಫೋನಿನ ದೊಡ್ಡದೊಂದು ಪಾಲಿಗೆ ಒಡತಿಯಾದ ಆಕೆಗೆ ಅದನ್ನು ಕಿವಿಗೆ ಹಿಡಿದು ಏನೂ ಪ್ರಯೋಜನವಿರಲಿಲ್ಲ.

ಪ್ರೌಢಶಾಲೆಯಲ್ಲಿ ಶಬ್ದದ ಪಾಠ ಮಾಡುವಾಗಲೆಲ್ಲ ಈ ಕತೆ ಹೇಳುವುದು ನನಗೆ ರೂಢಿ. ತರಂಗ, ಆವೃತ್ತಿ, ಪಾರ ಎಂದು ಬೋರ್ಡಿನ ಮೇಲೆ ಬರೆಯುತ್ತಾ ಹೋದರೆ ಕೊನೆಯ ಬೆಂಚಿನವರು ಕಿಟಕಿಯಾಚೆ ನೋಡಲು ಶುರುಮಾಡುತ್ತಾರೆ. ಷೇರಿನ ವಿಷಯ ಬಂದ ಕೂಡಲೇ ನಗುತ್ತಾರೆ. ಕಳೆದ ಸಲ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ನಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆಕೆ ನಮ್ಮ ಎದುರು ಮನೆಯವಳು. ತಂದೆ ತಾಯಿ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮಗಳಿಗೆ ಚೆನ್ನಾಗಿ ಕೇಳುತ್ತದೆ. ಆ ಮನೆಯ ಟೆಲಿಫೋನು ಎಂದರೆ ಅವಳೇ.

ನಾನು ಶೆಟ್ಟಿಹಳ್ಳಿಗೆ ಬಂದದ್ದು 1997ರಲ್ಲಿ. ಆಗ ಇಲ್ಲಿ ಬಡಾವಣೆಗಳಿಗಿಂತ ಹೊಲಗಳೇ ಹೆಚ್ಚಿದ್ದವು. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಒಳಗೆ ಬರುವುದೇ ಒಂದು ಯಾತ್ರೆ. ಮರುವರ್ಷ ಎದುರಿನ ವಠಾರದ ಒಂದು ಕೋಣೆಗೆ ಗುಬ್ಬಿ ಕಡೆಯ ಯುವಕನೊಬ್ಬ ಬಾಡಿಗೆಗೆ ಬಂದ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ. ಒಂದು ವಾರದಲ್ಲೇ ನನಗೆ ಹೆಸರಿಟ್ಟ: ಮೂಗಿನ ಮೇಲಿನ ಕನ್ನಡಕವನ್ನು ತೋರುಬೆರಳಿನಿಂದ ಮೇಲಕ್ಕೆ ತಳ್ಳುವುದು. ಕಿವುಡರ ಬಳಗದಲ್ಲಿ ಹೀಗೆ ಪ್ರತಿಯೊಬ್ಬರಿಗೂ ಒಂದು ಸನ್ನೆಯ ಹೆಸರಿರುತ್ತದೆ. ಈಗಲೂ ನಾನು ಆ ಬಳಗದಲ್ಲಿ ಮೇಷ್ಟ್ರಲ್ಲ, ಕನ್ನಡಕ ತಳ್ಳುವವನು.

ವಠಾರದ ಮೂಲೆಯಲ್ಲಿ ಹಳದಿ ಬಣ್ಣದ ಎಸ್‌ಟಿಡಿ ಬೂತು ಇತ್ತು. ಅಂಗವಿಕಲರಿಗೆ ಬೂತು ಮಂಜೂರು ಮಾಡುವಾಗ ಆದ್ಯತೆ ಕೊಡುತ್ತಿದ್ದ ಕಾಲ ಅದು. ಬೂತಿನವನಿಗೆ ಒಂದು ಕಾಲು ಪೋಲಿಯೊದಿಂದ ಸೊರಗಿತ್ತು. ನಮ್ಮ ಎದುರು ಮನೆಯವರು ಭಾನುವಾರ ಬೆಳಿಗ್ಗೆ ಒಂದು ಚೀಟಿ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಚೀಟಿಯಲ್ಲಿ ಊರಿನ ಅಂಗಡಿಯೊಂದರ ನಂಬರು, ಕೆಳಗೆ ಹೇಳಬೇಕಾದ ನಾಲ್ಕು ಮಾತು. ಬೂತಿನವನು ಡಯಲ್ ಮಾಡಿ, ಊರವರು ತಾಯಿಯನ್ನು ಕರೆತರುವವರೆಗೆ ಕಾದು, ದೊಡ್ಡ ದನಿಯಲ್ಲಿ ಹೇಳುತ್ತಿದ್ದ: ‘ನಿಮ್ಮ ಮಗ ನಾಡಿದ್ದು ಬರ್ತಾನಂತೆ. ದುಡ್ಡು ಎಂಒ ಮಾಡಿದಾನಂತೆ. ಮೊಣಕಾಲು ನೋವು ಹೇಗಿದೆ ಅಂತ ಕೇಳ್ತಿದಾನೆ.’ ಇವರು ಪಕ್ಕದಲ್ಲಿ ನಿಂತು ಬೂತಿನವನ ತುಟಿಯನ್ನೂ, ಮೀಟರಿನ ಮೇಲೆ ಓಡುವ ಕೆಂಪು ಅಂಕಿಗಳನ್ನೂ ಒಂದರ ಮೇಲೊಂದರಂತೆ ನೋಡುತ್ತಿದ್ದರು. ತಾನು ಕೇಳಲಾಗದ ಸಂಭಾಷಣೆಗೆ ಬಿಲ್ಲು ಏರುವುದಾದರೂ ಕಣ್ಣಿಗೆ ಕಾಣುತ್ತಿತ್ತು! ಕೊನೆಗೆ ಬೂತಿನವನು ಚೀಟಿಯ ಹಿಂಬದಿಯಲ್ಲಿ ಉತ್ತರ ಬರೆದು ಕೊಡುತ್ತಿದ್ದ. ತಾಯಿ ಐದು ನಿಮಿಷ ಮಾತಾಡಿದ್ದರೆ ಚೀಟಿಯಲ್ಲಿರುತ್ತಿದ್ದದ್ದು ಎರಡೇ ಪದ: ‘ಎಲ್ಲ ಸೌಖ್ಯ.’

ಬೂತಿನವನನ್ನು ನಾನು ದೂರುತ್ತಿಲ್ಲ. ಒಂದು ಕಾಸು ಹೆಚ್ಚಿಗೆ ತೆಗೆದುಕೊಳ್ಳದೆ ವರ್ಷಗಟ್ಟಲೆ ಆ ಕೆಲಸ ಮಾಡಿದ ಪುಣ್ಯಾತ್ಮ ಆತ. ಆದರೆ ಆ ‘ಅಂತೆ’ಯನ್ನು ಸ್ವಲ್ಪ ಗಮನಿಸಿ. ನಮ್ಮ ಕನ್ನಡದಲ್ಲಿ ಅದೊಂದು ವಿಚಿತ್ರ ಪ್ರತ್ಯಯ. ಬೇರೆಯವರ ಮಾತನ್ನು ನಮ್ಮ ಬಾಯಲ್ಲಿ ಹೇಳುವಾಗ, ಅದರ ಹೊಣೆ ನನ್ನದಲ್ಲ ಎಂದು ಕೊಡವಿಕೊಳ್ಳುವ ಜಾಣತನ ಅದರಲ್ಲಿದೆ. ಅಂತೆ ಕಂತೆ ಎಂದು ನಾವು ಆಡುವುದೂ ಅದಕ್ಕೇ. ಕಿವುಡ ಮನುಷ್ಯ ಫೋನಿನಲ್ಲಿ ಆಡಿದ ಮಾತಿಗೆಲ್ಲ ಈ ಬಾಲ ಅಂಟಿಕೊಳ್ಳುತ್ತದೆ. ಸ್ವಂತ ತಾಯಿಯ ಹತ್ತಿರ ‘ಬರ್ತೀನಮ್ಮ’ ಎನ್ನಲು ಅವನಿಗೆ ದಾರಿಯಿಲ್ಲ.

ಬೇರೆ ಕಡೆ ಇದಕ್ಕೆ ಏನು ಮಾಡಿದ್ದಾರೆ ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಮನುಷ್ಯ ರಾಬರ್ಟ್ ವೈಟ್‌ಬ್ರೆಕ್ಟ್. ಅಮೆರಿಕದ ಭೌತವಿಜ್ಞಾನಿ, ಹುಟ್ಟುಕಿವುಡ. ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಮಾರ್ಸ್ಟರ್ಸ್ ಎಂಬ ಹಲ್ಲಿನ ಡಾಕ್ಟರಿದ್ದರು, ಅವರೂ ಕಿವುಡರೇ. ತಂತಿ ಕಚೇರಿಗಳಲ್ಲಿ ಟಕಟಕ ಎಂದು ಸಂದೇಶ ಅಚ್ಚು ಹಾಕುವ ಟೆಲಿಪ್ರಿಂಟರುಗಳನ್ನು ಹಿರಿಯ ಓದುಗರು ನೋಡಿರಬಹುದು. ಅಂಥ ಎರಡನ್ನು ಮಾಮೂಲಿ ಫೋನಿನ ಮೂಲಕವೇ ಮಾತಾಡಿಸಬಾರದೇಕೆ ಎಂಬುದು ಇವರ ಯೋಚನೆ. ತನ್ನ ಲೈನಿಗೆ ಹೊರಗಿನ ಯಂತ್ರದ ತಂತಿ ಜೋಡಿಸಲು ಅಲ್ಲಿನ ಫೋನು ಕಂಪನಿ ಬಿಡುತ್ತಿರಲಿಲ್ಲ. ವೈಟ್‌ಬ್ರೆಕ್ಟ್ ತಂತಿಯನ್ನು ಮುಟ್ಟಲೇ ಇಲ್ಲ. ಎರಡು ರಬ್ಬರ್ ಬಟ್ಟಲು ಮಾಡಿ, ಫೋನಿನ ರಿಸೀವರನ್ನು ಅದರೊಳಗೆ ಮಲಗಿಸಿ, ಅಕ್ಷರಗಳನ್ನು ಸ್ವರವಾಗಿಸಿ ಒಳಗೆ ಊದಿಸಿದರು. 1964ರಲ್ಲಿ ಇಬ್ಬರು ಕಿವುಡರು ನಡುವೆ ಯಾರೂ ಇಲ್ಲದೆ ಮೊದಲ ಸಲ ಫೋನಿನಲ್ಲಿ ಮಾತಾಡಿದರು. ವಿಧಾನ ಬಹಳ ಸರಳ: 1400 ಹರ್ಟ್ಸ್‌ನ ಸ್ವರ ಬಂದರೆ ಒಂದು, 1800 ಬಂದರೆ ಸೊನ್ನೆ. ಇಂಥ ಐದು ಸ್ವರಗಳಿಗೆ ಒಂದು ಅಕ್ಷರ. ಫೋನು ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಶಬ್ದವನ್ನು ಮಾತ್ರವಾದ್ದರಿಂದ ಈ ಎರಡೂ ಆ ಬಾಗಿಲಲ್ಲಿ ಸಲೀಸಾಗಿ ನುಗ್ಗುತ್ತಿದ್ದವು. ಯಂತ್ರ ಮಾತ್ರ ಗಾತ್ರದಲ್ಲಿ ಗೋದ್ರೇಜ್ ಬೀರುವಿನ ತಮ್ಮನಂತಿತ್ತು.

ಒಬ್ಬರು ಟೈಪು ಮಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಮುಗಿದಾಗ ‘ಜಿ ಎ’ ಎಂದು ಒತ್ತಿದರೆ ‘ಇನ್ನು ನೀವು ಹೇಳಿ’ ಎಂದರ್ಥ. ಕಿವಿ ಕೇಳುವವರ ಜಗಳಗಳಲ್ಲೂ ಇಂಥದೊಂದು ಗುಂಡಿ ಇದ್ದಿದ್ದರೆ ಎಷ್ಟೋ ಸಂಸಾರಗಳು ನೆಮ್ಮದಿಯಾಗಿರುತ್ತಿದ್ದವು.

ಆದರೆ ಈ ಯಂತ್ರ ಇಲ್ಲದ ಮನೆಗೆ, ಆಸ್ಪತ್ರೆಗೆ, ಅಂಗಡಿಗೆ ಫೋನು ಮಾಡುವುದು ಹೇಗೆ? ಅಲ್ಲಿಂದ ಹುಟ್ಟಿದ್ದು ರಿಲೇ ಸೇವೆ. ಕಿವುಡರು ಟೈಪು ಮಾಡಿದ್ದನ್ನು ನಡುವಿನ ಆಪರೇಟರು ಓದಿ ಹೇಳುತ್ತಾರೆ, ಆ ಕಡೆಯವರು ಹೇಳಿದ್ದನ್ನು ಇವರಿಗೆ ಟೈಪು ಮಾಡುತ್ತಾರೆ. ನಮ್ಮ ಬೂತಿನವನು ಮಾಡುತ್ತಿದ್ದದ್ದೂ ಇದೇ ತಾನೆ ಎನ್ನಬಹುದು. ವ್ಯತ್ಯಾಸ ಇರುವುದು ನಿಯಮದಲ್ಲಿ. ರಿಲೇ ಆಪರೇಟರು ‘ಬರ್ತಾನಂತೆ’ ಎನ್ನುವಂತಿಲ್ಲ, ‘ಬರ್ತೀನಿ’ ಎಂದೇ ಹೇಳಬೇಕು. ಏನನ್ನೂ ಬಿಡುವಂತಿಲ್ಲ, ಸೇರಿಸುವಂತಿಲ್ಲ. ಆ ಕಡೆ ನಾಯಿ ಬೊಗಳಿದರೆ ನಾಯಿ ಬೊಗಳುತ್ತಿದೆ ಎಂದು ತಿಳಿಸಬೇಕು; ಬೈದರೆ ಬೈಗುಳವನ್ನೂ ಹಾಗೆ ಹಾಗೇ ತಲುಪಿಸಬೇಕು. ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ, ಕರೆ ಮುಗಿದ ಮೇಲೆ ಬರೆದದ್ದನ್ನು ಇಟ್ಟುಕೊಳ್ಳುವಂತಿಲ್ಲ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯಿದೆ ಇದನ್ನು ಫೋನು ಕಂಪನಿಗಳ ಕರ್ತವ್ಯವನ್ನಾಗಿ ಮಾಡಿತು. 1993ರ ಜುಲೈ ಹೊತ್ತಿಗೆ ದೇಶವಿಡೀ ಸೇವೆ ಸಿಗಬೇಕೆಂದು ಗಡುವು ಕೊಟ್ಟಿತು. ಬ್ರಿಟನ್ನಿನಲ್ಲಿ 1991ರಲ್ಲಿ ಶುರುವಾಯಿತು. ಕಂಪ್ಯೂಟರು, ಕ್ಯಾಮೆರಾ ಬಂದ ಮೇಲೆ ಟೈಪಿನ ಬದಲು ಸನ್ನೆಭಾಷೆಯಲ್ಲೇ ಮಾತಾಡುವ ವಿಡಿಯೊ ರಿಲೇ ಬಂತು. ಜಪಾನು ತಡಮಾಡಿತಾದರೂ 2020ರಲ್ಲಿ ಕಾಯಿದೆ ಮಾಡಿ 2021ರ ಜುಲೈ ಒಂದರಿಂದ ಸಾರ್ವಜನಿಕ ರಿಲೇ ಸೇವೆ ಆರಂಭಿಸಿತು. ಅಲ್ಲಿ ಅದರ ಖರ್ಚು ಫೋನು ಇರುವ ಎಲ್ಲರ ಬಿಲ್ಲಿನಲ್ಲೂ ಒಂದಿಷ್ಟು ಹಂಚಿಹೋಗುತ್ತದೆ.

ನಮ್ಮ ಊರಿನ ಕತೆ ಬೇರೆ. ದೇಶಕ್ಕೆಲ್ಲ ಕಪ್ಪು ಫೋನು ಮಾಡಿಕೊಟ್ಟ ಐಟಿಐ ಕಾರ್ಖಾನೆ 1948ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ; ಅದರಿಂದಾಗಿ ನಮಗೆ ದೂರವಾಣಿನಗರ ಎಂಬ ಊರೇ ಇದೆ. ಹಳ್ಳಿಗಳಿಗೆಂದು ಸಿ-ಡಾಟ್ ತಯಾರಿಸಿದ ವಿನಿಮಯ ಕೇಂದ್ರವನ್ನು 1986ರಲ್ಲಿ ಮೊದಲು ಕೂಡಿಸಿದ್ದು ನಮ್ಮ ಕಿತ್ತೂರಿನಲ್ಲಿ. ಆದರೆ ಆ ಟೈಪಿಸುವ ಫೋನು ನಮ್ಮ ಮನೆಗಳತ್ತ ಸುಳಿಯಲಿಲ್ಲ. ಸುಳಿದಿದ್ದರೂ ಏನು ಫಲ? ಐದು ಸ್ವರಗಳಿಂದ ಮೂವತ್ತೆರಡು ಗುರುತುಗಳನ್ನಷ್ಟೇ ಮಾಡಬಹುದು. ಇಂಗ್ಲಿಷಿನ ಇಪ್ಪತ್ತಾರಕ್ಕೆ ಅದು ಸಾಕು. ನಮ್ಮ ಕಾಗುಣಿತ, ಒತ್ತಕ್ಷರಗಳನ್ನು ಅದರಲ್ಲಿ ತುರುಕಲು ಹೋಗಿದ್ದರೆ ಗುಬ್ಬಿಯ ‘ಬ್ಬಿ’ಗೇ ಯಂತ್ರ ಮುಗ್ಗರಿಸುತ್ತಿತ್ತು.

ಹಾಗಾಗಿ ಎದುರು ಮನೆಯವರಿಗೆ ಫೋನು ಬಂದದ್ದು ಮೊಬೈಲಿನ ಎಸ್ಸೆಮ್ಮೆಸ್ ರೂಪದಲ್ಲಿ. 2004ರಲ್ಲೋ ಏನೋ ಒಂದು ನೋಕಿಯಾ ಕೊಂಡರು. ಕಿವಿಗೆ ಹಿಡಿಯದೆ ಅಂಗೈಯಲ್ಲಿಟ್ಟುಕೊಂಡು ಓದುವ ಫೋನು! ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಊರಿನ ತಮ್ಮನಿಗೆ, ಮೈಸೂರಿನ ಗೆಳೆಯರಿಗೆ ದಿನವೆಲ್ಲ ಬರೆಯುತ್ತಿದ್ದರು. 2008ರಲ್ಲಿ ಮದುವೆ ಕುದುರಿದ್ದೂ ಹಾಗೆಯೇ, ಹುಡುಗಿ ಕೋಲಾರದ ಕಡೆಯವಳು. ನಮಗೆಲ್ಲ ಎಸ್ಸೆಮ್ಮೆಸ್ ಎಂದರೆ ಹಬ್ಬದ ಶುಭಾಶಯ, ಪೋಲಿ ಜೋಕು. ಹಬ್ಬದ ದಿನ ಅಗ್ಗದ ಪ್ಯಾಕು ನಡೆಯುವುದಿಲ್ಲ, ಪೂರಾ ದರ ಕೊಡಬೇಕು ಎಂದು ಕಂಪನಿಗಳು ಹೇಳಿದಾಗ ನಾವು ಗೊಣಗಿ ಸುಮ್ಮನಾದೆವು. ಅವರ ಪಾಲಿಗೆ ಅದು ಬಾಯಿ ತೆರೆದರೆ ತೆರಿಗೆ ಹಾಕಿದಂತೆ.

2012ರ ಆಗಸ್ಟನ್ನು ಬೆಂಗಳೂರಿನವರು ಮರೆತಿರಲಾರರು. ಈಶಾನ್ಯ ರಾಜ್ಯಗಳ ಸಾವಿರಾರು ಜನ ವದಂತಿಗೆ ಹೆದರಿ ರೈಲು ನಿಲ್ದಾಣಕ್ಕೆ ನುಗ್ಗಿದರು. ವದಂತಿ ಹರಡಿದ್ದು ಎಸ್ಸೆಮ್ಮೆಸ್ಸಿನಿಂದ ಎಂದು ಕೇಂದ್ರ ಸರ್ಕಾರ ದೇಶದಾದ್ಯಂತ ಮಿತಿ ಹಾಕಿತು. ಪ್ರೀಪೇಯ್ಡ್ ಗ್ರಾಹಕರಿಗೆ ದಿನಕ್ಕೆ ಐದೇ ಸಂದೇಶ. ಕೆಲವು ದಿನಗಳ ಮೇಲೆ ಇಪ್ಪತ್ತಾಯಿತು. ಮಾತಿಗೆ ಮಿತಿಯಿರಲಿಲ್ಲ, ಎಷ್ಟು ಬೇಕಾದರೂ ಆಡಬಹುದಿತ್ತು. ಆ ವಾರ ಎದುರು ಮನೆಯಾಕೆ ತವರಿನಲ್ಲಿದ್ದರು. ಒಂದು ವರ್ಷದ ಮಗುವಿಗೆ ಜ್ವರ. ಇವರು ರಾತ್ರಿ ನಮ್ಮ ಜಗಲಿಯಲ್ಲಿ ಕೂತು, ಹಳೆಯ ಕ್ಯಾಲೆಂಡರಿನ ಹಿಂದೆ ಮೊದಲು ಬರೆದು, ಹೊಡೆದು ಹಾಕಿ, ತಿದ್ದಿ, ಆಮೇಲೆ ಫೋನಿನಲ್ಲಿ ಒತ್ತುತ್ತಿದ್ದರು. ‘ಡಾಕ್ಟರಿಗೆ ತೋರಿಸಿದಿರಾ, ಏನೆಂದರು, ಯಾವ ಔಷಧಿ, ಎಷ್ಟು ಜ್ವರ, ಹಾಲು ಕುಡಿಯುತ್ತಾಳಾ’ ಎಲ್ಲವೂ ಒಂದೇ ಸಂದೇಶದಲ್ಲಿ ಹಿಡಿಯಬೇಕು. ನಾಲ್ಕು ಮುಗಿದ ಮೇಲೆ ಐದನೆಯದನ್ನು ಕಳಿಸದೆ ಇಟ್ಟುಕೊಂಡಿರುತ್ತಿದ್ದರು, ನಡುರಾತ್ರಿ ಬೇಕಾದರೆ ಇರಲಿ ಎಂದು. ಆ ಆದೇಶ ಹೊರಡಿಸಿದವರಿಗೆ ಇದು ಹೊಳೆದಿರಲಾರದು. ಶಬ್ದವಿಲ್ಲದೆ ಬದುಕುವವರು ದೇಶದಲ್ಲಿದ್ದಾರೆಂದು ಆ ಕ್ಷಣಕ್ಕೆ ಯಾರಿಗೂ ನೆನಪಾಗಲಿಲ್ಲ, ಅಷ್ಟೆ. 2011ರ ಜನಗಣತಿಯ ಪ್ರಕಾರ ಶ್ರವಣದೋಷ ಇರುವವರ ಸಂಖ್ಯೆ ದೇಶದಲ್ಲಿ ಸುಮಾರು 50 ಲಕ್ಷ, ಕರ್ನಾಟಕವೊಂದರಲ್ಲೇ ಎರಡು ಲಕ್ಷಕ್ಕೂ ಮೇಲೆ.

2016ರ ಸೆಪ್ಟೆಂಬರಿನಿಂದೀಚೆಗೆ ಡೇಟಾ ಅಗ್ಗವಾದ ಮೇಲೆ ಆ ಮನೆಯಲ್ಲಿ ನಿಜವಾದ ಮಾತು ಶುರುವಾಯಿತು. ಸಂಜೆ ಗೋಡೆಗೆ ಮೊಬೈಲು ಒರಗಿಸಿ ಇಬ್ಬರೂ ಕೈಯಾಡಿಸುವುದನ್ನು ನೋಡಬೇಕು! ಸನ್ನೆಭಾಷೆ ಎಂದರೆ ಕೈಯಲ್ಲಾಡುವ ಕನ್ನಡ ಎಂದು ನಾನು ಮೊದಲು ತಿಳಿದಿದ್ದೆ. ಬಹಳ ಜನ ಹಾಗೆಯೇ ತಿಳಿದಿದ್ದಾರೆ. ಅದಕ್ಕೆ ಅದರದೇ ವ್ಯಾಕರಣವಿದೆ. ಪ್ರಶ್ನೆಯ ಪದ ವಾಕ್ಯದ ಕೊನೆಗೆ ಬರುತ್ತದೆ, ಹುಬ್ಬು ಏರಿಸುವುದೂ ಭಾಷೆಯ ಭಾಗವೇ. ಇದನ್ನು ಫೋನಿನಲ್ಲಿ ಸಾಗಿಸಲು ಸೆಕೆಂಡಿಗೆ ಇಪ್ಪತ್ತು ಇಪ್ಪತ್ತೈದು ಚಿತ್ರಗಳಾದರೂ ಹೋಗಬೇಕು. ಕಡಿಮೆಯಾದರೆ ಬೆರಳುಗಳು ಮಸುಕಾಗಿ ಮಾತು ತೊದಲುತ್ತದೆ. ಬೆಲ್ ಮೇಷ್ಟ್ರಿಗೆ ಈ ಭಾಷೆ ಕಂಡರಾಗುತ್ತಿರಲಿಲ್ಲ. ಕಿವುಡ ಮಕ್ಕಳು ತುಟಿ ನೋಡಿ ಬಾಯಲ್ಲೇ ಮಾತಾಡಲು ಕಲಿಯಬೇಕೆಂಬುದು ಆತನ ವಾದ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವೂ ಹಾಗೆಂದೇ ಠರಾವು ಮಾಡಿತು. ಅದರ ನೆರಳು ನೂರು ವರ್ಷ ಬಿದ್ದಿತ್ತು. ನಮ್ಮ ಎದುರು ಮನೆಯವರನ್ನೂ ಅವರ ಶಾಲೆಯಲ್ಲಿ ಕೈ ಕಟ್ಟಿ ಕೂರಿಸುತ್ತಿದ್ದರಂತೆ. ಈಗ ನಮ್ಮಲ್ಲೂ 2015ರಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನೆಗೆ, ತರಬೇತಿಗೆ ದೆಹಲಿಯಲ್ಲಿ ಕೇಂದ್ರವೊಂದು ಬಂದಿದೆ. ಅದು 2018ರಲ್ಲಿ ಮೂರು ಸಾವಿರ ಪದಗಳಿಂದ ಆರಂಭಿಸಿದ ನಿಘಂಟು 2021ರಲ್ಲಿ ಹತ್ತು ಸಾವಿರಕ್ಕೆ ಬೆಳೆಯಿತು.

ಸರಿ, ಕಿವುಡರು ಕಿವುಡರ ಜೊತೆ ಮಾತಾಡುವುದು ಸುಲಭವಾಯಿತು. ನಮ್ಮ ಜೊತೆ? ಗ್ಯಾಸ್ ಏಜೆನ್ಸಿಗೆ, ಕ್ಲಿನಿಕ್ಕಿಗೆ, ಬ್ಯಾಂಕಿಗೆ? ಅಲ್ಲೆಲ್ಲ ಇನ್ನೂ ದನಿಯದೇ ದರ್ಬಾರು. ಎರಡು ವರ್ಷದ ಕೆಳಗೆ ಅವರ ಎಟಿಎಂ ಕಾರ್ಡು ಕಳೆಯಿತು. ತಕ್ಷಣ ಫೋನು ಮಾಡಿ ನಿಲ್ಲಿಸದಿದ್ದರೆ ದುಡ್ಡು ಹೋದೀತು. ಮಗಳು ಫೋನು ಮಾಡಿದಳು. ‘ಖಾತೆದಾರರೇ ಮಾತಾಡಬೇಕು’ ಎಂದರು ಆ ಕಡೆಯವರು. ‘ಅಪ್ಪನಿಗೆ ಮಾತು ಬರಲ್ಲ, ಪಕ್ಕದಲ್ಲೇ ಇದಾರೆ’ ಎಂದಳು. ‘ಕೊಡಿ ಅವರಿಗೆ’ ಎಂದರು! ಸ್ಪೀಕರಿನಲ್ಲಿ ಅದನ್ನು ಕೇಳುತ್ತಿದ್ದ ನಾನು ನಡುವೆ ಬಾಯಿ ಹಾಕಿ ವಿವರಿಸಿದೆ. ‘ನೀವು ಯಾರು ಸಾರ್?’ ಎಂಬ ಪ್ರಶ್ನೆ ಬಂತು. ಕೊನೆಗೆ ಮರುದಿನ ಅರ್ಧ ದಿನದ ಕೂಲಿ ಕಳೆದುಕೊಂಡು ಅವರೇ ಶಾಖೆಗೆ ಹೋಗಿ ಬರೆದುಕೊಟ್ಟು ಬಂದರು. ಆ ಕಡೆಯವರ ಎಚ್ಚರಿಕೆ ತಪ್ಪೆಂದು ನಾನು ಹೇಳಲಾರೆ. ಎಲ್ಲರ ದುಡ್ಡನ್ನೂ ಫೋನಿನಲ್ಲೇ ದೋಚುವ ಕಾಲವಿದು. ಕಾನೂನಿನ ಮುದ್ರೆಯಿರುವ ಒಬ್ಬ ರಿಲೇ ಆಪರೇಟರು ಇದ್ದಿದ್ದರೆ ಅವರ ಅನುಮಾನವೂ ಉಳಿಯುತ್ತಿರಲಿಲ್ಲ, ಇವರ ಕೂಲಿಯೂ ಉಳಿಯುತ್ತಿತ್ತು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಬ್ಯಾಂಕುಗಳ ಕೆವೈಸಿ ಕುರಿತ ಮೊಕದ್ದಮೆಯಲ್ಲಿ, ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗವೇ ಎಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲೂ ಮಾಹಿತಿ, ಸಂಪರ್ಕ ತಂತ್ರಜ್ಞಾನ ಎಟುಕಬೇಕೆಂಬ ಕಲಮು ಇದೆ. ಕಾಗದದ ಮೇಲೆ ನಾವು ಎಂದೂ ಬಡವರಲ್ಲ.

ದುಡ್ಡಿನ ಮಾತು ಹೇಗೂ ತಡೆದುಕೊಳ್ಳಬಹುದು. ನನ್ನನ್ನು ಕಾಡುವುದು ಆ ಹುಡುಗಿಯ ವಿಷಯ. ತಾಯಿಗೆ ಹೆಂಗಸರ ಕಾಯಿಲೆಯೊಂದು ಬಂದಾಗ ಕ್ಲಿನಿಕ್ಕಿಗೆ ಫೋನು ಮಾಡಿ, ರಿಸೆಪ್ಷನ್ನಿನವರು ಕೇಳಿದ ಪ್ರಶ್ನೆಗಳನ್ನು ತಾಯಿಗೆ ಸನ್ನೆ ಮಾಡಿ, ಉತ್ತರವನ್ನು ತಿರುಗಿ ಹೇಳಿದ್ದು ಹನ್ನೆರಡು ವರ್ಷದ ಆ ಮಗು. ಅಪ್ಪನ ಸಾಲವೆಷ್ಟು, ಮಾಲೀಕ ಬಾಡಿಗೆಗೆ ಏನೆಂದು ಬೈದ, ಎಲ್ಲ ಅವಳ ಬಾಯಿಂದಲೇ ಹಾದುಹೋಗಬೇಕು. ಏಳನೇ ತರಗತಿಯಲ್ಲಿದ್ದಾಗ ಒಂದು ರಾತ್ರಿ ಹನ್ನೊಂದಕ್ಕೆ ಊರಿನಿಂದ ಫೋನು ಬಂತು. ಅಜ್ಜಿ ಹೋಗಿದ್ದರು; ಎಸ್‌ಟಿಡಿ ಬೂತಿನ ಕಾಲದಲ್ಲಿ ‘ಎಲ್ಲ ಸೌಖ್ಯ’ ಎಂದು ಹೇಳಿಸುತ್ತಿದ್ದ ಅದೇ ಅಜ್ಜಿ. ಫೋನಿನ ಆ ಕಡೆಯ ಚಿಕ್ಕಪ್ಪ ‘ನಿಮ್ಮಪ್ಪಂಗೆ ಹೇಳಮ್ಮ’ ಎಂದು ಇಟ್ಟುಬಿಟ್ಟರಂತೆ. ನಿದ್ದೆಯಲ್ಲಿದ್ದ ಅಪ್ಪನನ್ನು ಕೂಗಿ ಎಬ್ಬಿಸುವಂತಿಲ್ಲ; ದೀಪ ಹಾಕಿ, ಭುಜ ಮುಟ್ಟಿ, ಅವರ ಕಣ್ಣು ಬೆಳಕಿಗೆ ಹೊಂದಿಕೊಳ್ಳುವವರೆಗೆ ಕಾದು, ಎದುರು ನಿಂತು ಕೈಯಲ್ಲಿ ಹೇಳಬೇಕು. ಸನ್ನೆಯಲ್ಲಿ ‘ಅಂತೆ’ಯ ಮರೆಯೂ ಅವಳಿಗೆ ಸಿಗಲಿಲ್ಲ. ಹೇಳಿದಳು. ಆಮೇಲೆ ಬಂದು ನಮ್ಮ ಬಾಗಿಲು ತಟ್ಟಿ, ‘ಸರ್, ಗುಬ್ಬಿಗೆ ಈಗ ಬಸ್ಸಿರುತ್ತಾ?’ ಎಂದು ಕೇಳಿದಳು.

ನಡುವೆ ನಿಲ್ಲುವ ಕೆಲಸಕ್ಕೆ ಸಂಬಳ ಪಡೆಯುವ, ಗುಟ್ಟು ಕಾಪಾಡುವ, ಕರೆ ಮುಗಿದ ಮೇಲೆ ಮರೆತುಬಿಡುವ ಅಪರಿಚಿತರು ಬೇಕು ಎಂದು ನಾನು ಹೇಳುವುದು ಇದಕ್ಕೇ. ವಿಡಿಯೊ ಮೂಲಕ ಸನ್ನೆ ದುಭಾಷಿಗಳನ್ನು ಒದಗಿಸುವ ಕೆಲಸ ನಮ್ಮ ದೇಶದಲ್ಲೂ ಅಲ್ಲಲ್ಲಿ ಆರಂಭವಾಗಿದೆ. ಆದರೆ ಶೆಟ್ಟಿಹಳ್ಳಿಯವರಿಗೆ ಗುಬ್ಬಿಯ ಚಿಕ್ಕಪ್ಪನ ಜೊತೆ ಮಾತಾಡಲು ಹಿಂದಿ ಬಲ್ಲ ದುಭಾಷಿ ಸಾಲದು, ಕನ್ನಡ ಬಲ್ಲವರು ಬೇಕು. ಅಂಥವರನ್ನು ತಯಾರು ಮಾಡಲು ವರ್ಷಗಳು ಹಿಡಿಯುತ್ತವೆ. ದುಡ್ಡೆಲ್ಲಿದೆ ಎಂದು ಕೇಳುವವರಿಗೆ ಒಂದು ಮಾತು: 2002ರಿಂದ ಫೋನು ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದರಷ್ಟು, ಸೇವೆ ತಲುಪದವರಿಗೆ ತಲುಪಿಸಲೆಂದೇ ಒಂದು ನಿಧಿಗೆ ಹೋಗುವ ಏರ್ಪಾಡು ಮಾಡಿದ್ದಾರೆ. 2023ರ ದೂರಸಂಪರ್ಕ ಕಾಯಿದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೊಸ ಹೆಸರಿಟ್ಟಿತು. ಗುಡ್ಡದ ಮೇಲಿನ ಹಳ್ಳಿಗೆ ಟವರು ಹಾಕಲು ಆ ದುಡ್ಡು ಸಲ್ಲುವುದಾದರೆ, ಟವರಿನ ಕೆಳಗೇ ಇದ್ದೂ ಫೋನು ತಲುಪದವರಿಗೆ ಏಕೆ ಸಲ್ಲಬಾರದು?

ನನ್ನ ಕೈಲಾದದ್ದು ಸಣ್ಣದು. ಅವರ ಕರೆಗಂಟೆಯ ಸ್ವಿಚ್ಚಿಗೆ ಒಂದು ಬಲ್ಬು ಜೋಡಿಸಿ ಕೊಟ್ಟಿದ್ದೇನೆ. ಯಾರಾದರೂ ಒತ್ತಿದರೆ ಅಡುಗೆಮನೆಯಲ್ಲಿ ದೀಪ ಮಿಣುಕುತ್ತದೆ. ಮೊನ್ನೆ ಸಂಜೆ ಮಳೆಗೆ ಬೀದಿಯ ಕರೆಂಟೆಲ್ಲ ಹೋಯಿತು. ಮನೆಮನೆಯಿಂದ ಮಾತು ಕೇಳುತ್ತಲೇ ಇತ್ತು. ಎದುರಿನ ಜಗಲಿಯಲ್ಲಿ ಅವರು ಊರಿನ ಗೆಳೆಯನ ಜೊತೆ ವಿಡಿಯೊದಲ್ಲಿದ್ದರು, ಕತ್ತಲಲ್ಲಿ ಮಾತು ಅಲ್ಲಿಗೇ ನಿಂತಿತ್ತು. ಮಗಳು ಒಳಗಿನಿಂದ ಟಾರ್ಚು ತಂದು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಕನ್ನು ಅಪ್ಪನ ಕೈಗಳ ಮೇಲೆ ಹಿಡಿದು ಕೂತಳು. ಮರುದಿನ ಅವಳಿಗೆ ನನ್ನದೇ ವಿಷಯದ ಕಿರುಪರೀಕ್ಷೆಯಿತ್ತು.